ಪದ ಉಳಿದು ಮಟ್ಟು ಹೋದ ರಾತ್ರಿ

2022ರ ನವೆಂಬರ್ 24, ಗುರುವಾರ. ‘ಕಾಂತಾರ’ ಆವತ್ತು ಅಮೆಜಾನ್ ಪ್ರೈಮ್‌ಗೆ ಬಂದಿತ್ತು. ಚಿಕ್ಕಮ್ಮ ಅದನ್ನು ಉಡುಪಿಯ ಥಿಯೇಟರಿನಲ್ಲಿ ಎರಡು ಸಲ ನೋಡಿದವರು. ಮೂರನೆಯ ಸಲ ಮನೆಯಲ್ಲೇ ಕಾಲು ಚಾಚಿ ಕೂತು ನೋಡಬೇಕೆಂದು ರಾತ್ರಿಯ ಗಂಜಿಯನ್ನು ಏಳೂವರೆಗೇ ಮುಗಿಸಿದ್ದರು. ಕ್ಲೈಮಾಕ್ಸ್ ಬಂತು, ‘ವರಾಹ ರೂಪಂ’ ಶುರುವಾಯಿತು. ಅರ್ಧ ನಿಮಿಷ ಆಗಿರಲಿಲ್ಲ, ಚಿಕ್ಕಮ್ಮ ನನ್ನ ಕಡೆ ತಿರುಗಿದರು.

“ಇದೆಂತ ಮಾರಾಯ, ಹಾಡು ಬೇರೆ ಉಂಟಲ್ಲ?”

“ಅದೇ ಹಾಡು ಚಿಕ್ಕಮ್ಮ.”

“ಅಲ್ಲ. ಪದ ಅದೇ. ಹಾಡು ಅದಲ್ಲ.”

ಮದುವೆ ವಿಡಿಯೊ ಎಡಿಟಿಂಗ್, ಭಜನೆ ರೆಕಾರ್ಡಿಂಗ್ ಅಂತ ಹದಿನೈದು ವರ್ಷದಿಂದ ಇದರಲ್ಲೇ ಹೊಟ್ಟೆ ಹೊರೆಯುವವನು ನಾನು. ನನಗಿಂತ ಮೊದಲು ಚಿಕ್ಕಮ್ಮನಿಗೆ ಗೊತ್ತಾದದ್ದು ಸ್ವಲ್ಪ ಮರ್ಯಾದೆಯ ಪ್ರಶ್ನೆಯೇ ಸರಿ. ಆದರೆ ಅವರಂದ ಮಾತಿನಲ್ಲಿ ಇಡೀ ವಿಷಯದ ಕೀಲಿ ಇತ್ತು. ಸಾಹಿತ್ಯ ಹಾಗೆಯೇ ಇತ್ತು. ತೆರೆಯ ಮೇಲಿನ ಕೋಲ ಹಾಗೆಯೇ ಇತ್ತು. ಮಟ್ಟು, ಅಂದರೆ ಹಾಡಿನ ಧಾಟಿ, ಮಾತ್ರ ಹೋಗಿತ್ತು. ಒಂದು ಹಾಡಿನಿಂದ ಮಟ್ಟನ್ನಷ್ಟೇ ಕಿತ್ತು, ಬೇರೆ ಮಟ್ಟು ಕೂರಿಸಿ, ಉಳಿದದ್ದನ್ನೆಲ್ಲ ಇದ್ದ ಹಾಗೇ ಬಿಡುವುದು ಹೇಗೆ ಸಾಧ್ಯ? ಯಾಕೆ ಹಾಗೆ ಮಾಡಬೇಕಾಯಿತು?

ನಮ್ಮ ಜಿಲ್ಲೆಯ ಹಳಬರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ, ಯಾಕೆಂದರೆ ಒಬ್ಬರ ಜಾಗವನ್ನು ಇನ್ನೊಬ್ಬರು ಗೇಣಿಗೆ ಉಳುವ ಮೂಲಗೇಣಿ, ಚಾಲಗೇಣಿ ಪದ್ಧತಿಗಳನ್ನು ಕೇಳಿ ಬೆಳೆದವರು ಅವರು. ಜಾಗದ ಪಟ್ಟೆ ಒಬ್ಬರ ಹೆಸರಲ್ಲಿ. ಉಳುವವರು ಇನ್ನೊಬ್ಬರು. ಬದುವಿನ ತೆಂಗಿನ ಮರದ ಕಾಯಿ ಮತ್ತೊಬ್ಬರಿಗೆ ಹೋಗುವುದೂ ಇತ್ತು. ದೂರದಿಂದ ನೋಡುವವನಿಗೆ ಒಂದೇ ಗದ್ದೆ. ಹಾಡೂ ಹಾಗೆ. ನಾವು ‘ಹಾಡು’ ಅನ್ನುವ ಒಂದೇ ಮಾತಿನ ಕೆಳಗೆ ನಮ್ಮ ಕಾನೂನು ಕನಿಷ್ಠ ಐದು ಬೇರೆ ಬೇರೆ ಆಸ್ತಿಗಳನ್ನು ಕಾಣುತ್ತದೆ. ಬರೆದ ಪದ ಒಂದು. ಅದು ಸಾಹಿತ್ಯ ಕೃತಿ. ಕಟ್ಟಿದ ಮಟ್ಟು ಇನ್ನೊಂದು; ಅದು ಸಂಗೀತ ಕೃತಿ. ಸ್ಟುಡಿಯೊದಲ್ಲಿ ದಾಖಲಾದ ಧ್ವನಿ, ಅಂದರೆ ನಾವು ಫೋನಿನಲ್ಲಿ ಕೇಳುವ ಫೈಲು, ಮೂರನೆಯದು. ಅದಕ್ಕೆ ಹೊಂದಿಸಿದ ದೃಶ್ಯ ನಾಲ್ಕನೆಯದು. ಹಾಡಿದವರ ಹಕ್ಕು ಐದನೆಯದು. ಪ್ರತಿಯೊಂದಕ್ಕೂ ಬೇರೆ ಯಜಮಾನರಿರಬಹುದು. ಒಂದಕ್ಕೆ ತಕರಾರು ಬಂದರೆ ಉಳಿದ ನಾಲ್ಕು ಸುಮ್ಮನೆ ಕೂತಿರಬಹುದು.

‘ವರಾಹ ರೂಪಂ’ನ ಪಟ್ಟೆ ಬಿಡಿಸಿ ನೋಡಿ. ಪದ ಮಂಗಳೂರಿನ ಶಶಿರಾಜ್ ಕಾವೂರು ಅವರದು. ಸಂಗೀತ ಬಿ. ಅಜನೀಶ್ ಲೋಕನಾಥ್. ಕಂಠ ಸಾಯಿ ವಿಘ್ನೇಶ್. ಚಿತ್ರ ಹೊಂಬಾಳೆ ಫಿಲ್ಮ್ಸ್‌ನದು. ರಿಷಬ್ ಶೆಟ್ಟಿ ಅದನ್ನು ತಮ್ಮ ಹುಟ್ಟೂರು ಕುಂದಾಪುರ ತಾಲೂಕಿನ ಕೆರಾಡಿಯಲ್ಲಿ ಚಿತ್ರಿಸಿದರು. ಬಿಡುಗಡೆ 2022ರ ಸೆಪ್ಟೆಂಬರ್ 30. ಅಕ್ಟೋಬರಿನಲ್ಲಿ ಕೇರಳದ ತೈಕುಡಂ ಬ್ರಿಡ್ಜ್ ಎಂಬ ಬ್ಯಾಂಡ್, ಈ ಹಾಡು ತಾವು ಕೆಲವು ವರ್ಷ ಮೊದಲೇ ಮಾಡಿದ್ದ ‘ನವರಸಂ’ ಅನ್ನು ಹೋಲುತ್ತದೆ ಎಂದು ಆಕ್ಷೇಪ ಎತ್ತಿತು. ಬ್ಯಾಂಡ್ ಕೋಯಿಕ್ಕೋಡಿನ ಕೋರ್ಟಿಗೆ ಹೋಯಿತು. ‘ನವರಸಂ’ನ ಹಕ್ಕು ತನ್ನದೆಂದು ಮಾತೃಭೂಮಿ ಸಂಸ್ಥೆ ಪಾಲಕ್ಕಾಡಿನ ಕೋರ್ಟಿಗೆ ಹೋಯಿತು. ಇಲ್ಲಿಯೇ ನಮ್ಮ ಗೇಣಿ ಲೆಕ್ಕ ಕಾಣುತ್ತದೆ: ಹಾಡು ಮಾಡಿದವರು ಒಬ್ಬರು, ಹಕ್ಕು ಹೊಂದಿದವರು ಇನ್ನೊಬ್ಬರು, ಹಾಗಾಗಿ ಒಂದೇ ತಕರಾರಿಗೆ ಎರಡು ಊರಲ್ಲಿ ಎರಡು ದಾವೆ.

ಎರಡೂ ಕಡೆ ತಾತ್ಕಾಲಿಕ ತಡೆ ಸಿಕ್ಕಿತು. ನವೆಂಬರಿನಲ್ಲಿ ಹಾಡು ಯೂಟ್ಯೂಬಿನಿಂದ ಕಾಣೆಯಾಯಿತು. ಪ್ರೈಮ್‌ಗೆ ಬರುವ ತಾರೀಕು ಹತ್ತಿರ ಇತ್ತು. ತಡೆ ಇದ್ದದ್ದು ಮಟ್ಟಿನ ಮೇಲೆ. ಪದದ ಮೇಲೆ ಯಾರೂ ತಕರಾರು ಎತ್ತಿರಲಿಲ್ಲ, ದೃಶ್ಯದ ಮೇಲೂ ಇಲ್ಲ. ಆದ್ದರಿಂದ ಪದ ಉಳಿಸಿ ಬೇರೆ ಮಟ್ಟು ಕೂರಿಸಿದರು. ಚಿಕ್ಕಮ್ಮ ಕೇಳಿದ್ದು ಅದನ್ನು. ಕೋಯಿಕ್ಕೋಡಿನ ಕೋರ್ಟು ಈ ದಾವೆ ತನ್ನ ವ್ಯಾಪ್ತಿಯದಲ್ಲ ಎಂದು ಅರ್ಜಿ ಮರಳಿಸಿತು, ಆಮೇಲೆ ಪಾಲಕ್ಕಾಡಿನ ತಡೆಯೂ ತೆರವಾಗಿ ಡಿಸೆಂಬರಿನಲ್ಲಿ ಹಳೆಯ ಹಾಡು ಮರಳಿತು. ಆ ತೆರವಿನ ಅರ್ಥ ಹಾಡು ಕದ್ದದ್ದಲ್ಲ ಎಂದು ಕೋರ್ಟು ತೀರ್ಪು ಕೊಟ್ಟಿತು ಅಂತಲ್ಲ. ನಮ್ಮ ಕಡೆ ಬಹಳ ಜನ ಹಾಗೆ ತಿಳಿದು ಪಟಾಕಿ ಹೊಡೆದರು. ‘ಈ ಕೇಸು ಎಲ್ಲಿ ನಡೆಯಬೇಕು’ ಎಂಬ ಪ್ರಶ್ನೆ ಬೇರೆ, ‘ಹಾಡು ನಕಲೋ ಅಲ್ಲವೋ’ ಎಂಬ ಪ್ರಶ್ನೆ ಬೇರೆ. ಪ್ರಕರಣ ಅಲ್ಲಿಗೆ ನಿಲ್ಲಲೂ ಇಲ್ಲ. ಪೊಲೀಸ್ ದೂರಿನ ಮೇಲೆ ಚಿತ್ರದವರಿಗೆ ನಿರೀಕ್ಷಣಾ ಜಾಮೀನು ಕೊಡುವಾಗ ಕೇರಳ ಹೈಕೋರ್ಟ್ ಈ ಹಾಡಿನೊಂದಿಗೆ ಚಿತ್ರ ತೋರಿಸಬಾರದೆಂಬ ಷರತ್ತು ಹಾಕಿತು; 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತಿಗೆ ತಡೆ ಕೊಟ್ಟಿತು.

ಮಟ್ಟು ಬದಲಿಸುವುದು ಅಷ್ಟು ಬೇಗ ಆದದ್ದು ಹೇಗೆಂದು ಕೆಲವರು ಕೇಳುತ್ತಾರೆ. ಯಕ್ಷಗಾನ ನೋಡುವವರಿಗೆ ಇದು ಹೊಸತೇನಲ್ಲ. ಪ್ರಸಂಗ ಪುಸ್ತಕದಲ್ಲಿ ಪದ್ಯದ ನೆತ್ತಿಯ ಮೇಲೆ ರಾಗ, ತಾಳದ ಹೆಸರಿರುತ್ತದೆ. ಆದರೆ ಅದೇ ಪದ್ಯವನ್ನು ತೆಂಕಿನ ಭಾಗವತರು ಎತ್ತುವ ರೀತಿ ಬೇರೆ, ಬಡಗಿನವರದು ಬೇರೆ. ಮಾತ್ರೆ ಹೊಂದಿದರೆ ಸಾಕು, ಒಂದು ಪದ್ಯಕ್ಕೆ ಹತ್ತು ಮಟ್ಟು ಹಾಕಬಹುದು. ಸಿನಿಮಾದಲ್ಲಿ ಇದೇ ಕೆಲಸ ತಲೆಕೆಳಗಾಗಿ ನಡೆಯುವುದು ಹೆಚ್ಚು. ಮೊದಲು ಟ್ಯೂನ್, ಅದಕ್ಕೆ ಅರ್ಥವಿಲ್ಲದ ಡಮ್ಮಿ ಸಾಹಿತ್ಯ, ಆಮೇಲೆ ಕವಿ ಬಂದು ಆ ಮಾತ್ರೆಗೆ ಸರಿಯಾಗಿ ಪದ ಕೂರಿಸುವುದು. ಹಾಗೆ ಅಳತೆಗೆ ಹೊಲಿದ ಪದವನ್ನು ಅದೇ ಅಳತೆಯ ಇನ್ನೊಂದು ಟ್ಯೂನಿಗೆ ತೊಡಿಸುವುದು ಅಸಾಧ್ಯವಲ್ಲ. ಚಂದ ಕಾಣುತ್ತದಾ ಎಂಬುದು ಬೇರೆ ಮಾತು. ಚಿಕ್ಕಮ್ಮನ ತೀರ್ಪು ನಿಮಗೆ ಗೊತ್ತೇ ಉಂಟು.

ಇನ್ನು ರಾಗದ ಪ್ರಶ್ನೆ. ಎರಡು ಹಾಡಿನ ನಡುವೆ ಕಾಣುವುದು ರಾಗಗಳ ಹೋಲಿಕೆಯಷ್ಟೇ, ಸಂಯೋಜನೆ ಬೇರೆ ಎಂಬುದು ಸಂಗೀತ ನಿರ್ದೇಶಕರ ಕಡೆಯ ವಾದ. ಈ ವಾದದ ತಿರುಳು ಸರಳ. ತೋಡಿ, ಮುಖಾರಿ, ಮೋಹನ ಯಾರ ಮನೆಯ ಆಸ್ತಿಯೂ ಅಲ್ಲ. ಮಲ್ಪೆಯ ಕಡಲಿನ ಹಾಗೆ, ಬಲೆ ಬೀಸಲು ಎಲ್ಲರಿಗೂ ಹಕ್ಕುಂಟು. ಆದರೆ ನಾನು ಹಿಡಿದು ದೋಣಿಗೆ ಹಾಕಿದ ಮೀನು ನನ್ನದು. ರಾಗದೊಳಗೆ ಒಬ್ಬ ಕಟ್ಟಿದ ನಿರ್ದಿಷ್ಟ ಸ್ವರಸಾಲು ಅವನದು. ಕಡಲು ಎಲ್ಲಿ ಮುಗಿಯಿತು, ದೋಣಿ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದೇ ಕಷ್ಟ. ನ್ಯಾಯಾಧೀಶರಿಗೂ ಕಷ್ಟ. ಎ. ಆರ್. ರೆಹಮಾನ್ ಅವರ ‘ವೀರ ರಾಜ ವೀರ’ ಹಾಡು ಧ್ರುಪದ ಗಾಯಕರಾದ ಡಾಗರ್ ಸೋದರರ ‘ಶಿವ ಸ್ತುತಿ’ಯನ್ನು ಹೋಲುತ್ತದೆಂಬ ದಾವೆಯಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ 2025ರ ಏಪ್ರಿಲಿನಲ್ಲಿ ಡಾಗರ್ ಮನೆತನದ ಪರ ಆದೇಶ ಕೊಟ್ಟಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅದೇ ಕೋರ್ಟಿನ ವಿಭಾಗೀಯ ಪೀಠ ಆ ಆದೇಶವನ್ನು ರದ್ದು ಮಾಡಿತು. ಒಬ್ಬರು ಒಂದು ರಚನೆಯನ್ನು ಹಾಡಿ ಪ್ರಸಿದ್ಧಿಗೆ ತಂದರು ಅಂದಮಾತ್ರಕ್ಕೆ ಅದನ್ನು ರಚಿಸಿದವರೂ ಅವರೇ ಎಂದಾಗುವುದಿಲ್ಲ ಎಂಬುದು ಎರಡನೆಯ ಪೀಠ ಹಿಡಿದ ಎಳೆ. ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಬಂದ ಸಂಗೀತದಲ್ಲಿ ‘ರಚಿಸಿದವರು ಯಾರು’ ಎಂಬುದಕ್ಕೆ ಕಾಗದ ಎಲ್ಲಿಂದ ತರುವುದು?

ಕಾಗದದ ವಿಷಯ ಬಂತಲ್ಲ, ಒಂದು ವಿಚಿತ್ರ ಹೇಳುತ್ತೇನೆ. 1957ರ ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ‘ಸಂಗೀತ ಕೃತಿ’ ಅಂದರೆ ಬರೆದದ್ದು, ಅಚ್ಚಾದದ್ದು ಅಥವಾ ಹೇಗಾದರೂ ಲಿಪಿಯಲ್ಲಿ ಮೂಡಿದ್ದು ಮಾತ್ರ ಎಂದಿತ್ತು. ಕಂಠದಲ್ಲಿದ್ದದ್ದು ಕಾನೂನಿನ ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ಇಡೀ ರಾತ್ರಿಯ ಪ್ರಸಂಗವನ್ನು ಪುಸ್ತಕ ತೆರೆಯದೆ ಹಾಡುವ ಭಾಗವತರು, ತೆಂಬರೆ ಎಂಬ ಚರ್ಮವಾದ್ಯ ಬಡಿಯುತ್ತಾ ಗಂಟೆಗಟ್ಟಲೆ ಪಾಡ್ದನ, ಅಂದರೆ ತುಳುವಿನ ಕಥನಗೀತೆ, ಹೇಳುವ ಹೆಂಗಸರು, ಗದ್ದೆಯಲ್ಲಿ ನೇಜಿ ನೆಡುತ್ತಾ ‘ಓ ಬೇಲೆ’ ಹಾಡುವವರು, ಇವರ ಹತ್ತಿರ ಸ್ವರಲಿಪಿ ಎಲ್ಲಿಂದ ಬರಬೇಕು? 1994ರ ತಿದ್ದುಪಡಿಯಲ್ಲಿ ಆ ಷರತ್ತು ಹೋಯಿತು. ಸಂಗೀತದಿಂದ ಕೂಡಿದ್ದು ಸಂಗೀತ ಕೃತಿ, ಲಿಪಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ ಎಂದಾಯಿತು. ಹಾಡುವವರಿಗೆ, ನುಡಿಸುವವರಿಗೆ ‘ಪ್ರದರ್ಶಕರ ಹಕ್ಕು’ ಎಂಬುದು ಹುಟ್ಟಿದ್ದೂ ಅದೇ ತಿದ್ದುಪಡಿಯಲ್ಲಿ. ಅದಕ್ಕೂ ಮೊದಲು, 1977ರಲ್ಲಿ, ಸಿನಿಮಾಕ್ಕೆಂದು ಹಾಡು ಮಾಡಿಕೊಟ್ಟರೆ ಬೇರೆ ಒಪ್ಪಂದ ಇಲ್ಲದ ಪಕ್ಷದಲ್ಲಿ ಅದರ ಮೊದಲ ಒಡೆಯ ನಿರ್ಮಾಪಕನೇ ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಆ ಪ್ರಕರಣದಲ್ಲೇ ನ್ಯಾಯಮೂರ್ತಿ ವಿ. ಆರ್. ಕೃಷ್ಣಯ್ಯರ್ ಪ್ರತ್ಯೇಕ ಟಿಪ್ಪಣಿ ಬರೆದು, ಹಾಡುವವನಿಗೆ ನಮ್ಮಲ್ಲಿ ಹಕ್ಕೇ ಇಲ್ಲವೆಂಬ ಕುಂದನ್ನು ಎತ್ತಿ ತೋರಿಸಿದ್ದರು. ಸರಿಪಡಿಸಲು ಹದಿನೇಳು ವರ್ಷ ಹಿಡಿಯಿತು.

ರಾಯಲ್ಟಿಯ ಲೆಕ್ಕ ಸರಿಯಾದದ್ದು ಇನ್ನೂ ತಡವಾಗಿ, 2012ರಲ್ಲಿ. ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿದ್ದುಕೊಂಡು ಅದಕ್ಕಾಗಿ ವಾದ ಮಾಡಿದರು. ಕವಿ, ಸಂಗೀತ ನಿರ್ದೇಶಕ ಇಬ್ಬರೂ ತಮ್ಮ ಹಕ್ಕನ್ನು ಬರೆದುಕೊಟ್ಟರೂ ರಾಯಲ್ಟಿಯ ಪಾಲನ್ನು ಬಿಟ್ಟುಕೊಡಲಾಗದು ಎಂದು ಕಾಯ್ದೆಯೇ ಈಗ ಹೇಳುತ್ತದೆ. ಚಿತ್ರಮಂದಿರದಲ್ಲಿ ಸಿನಿಮಾದ ಜೊತೆಗೆ ಹಾಡು ಬಂದರೆ ಪಾಲಿಲ್ಲ, ಟಿ.ವಿ., ಎಫ್‌ಎಂ, ಇಂಟರ್ನೆಟ್ಟಿನಲ್ಲಿ ಬಂದರೆ ಪಾಲುಂಟು. ನಮ್ಮ ಊರಿನ ಹುಡುಗರು ಬರೆದ ಹಾಡು ಹಿಟ್ ಆದಾಗ ನಾವು ಪೋಸ್ಟರಿನಲ್ಲಿ ಅವರ ಹೆಸರು ಎಷ್ಟು ದೊಡ್ಡದಿದೆ ಅಂತ ನೋಡುತ್ತೇವೆ. ಒಪ್ಪಂದದ ಕಾಗದದಲ್ಲಿ ಹೆಸರು ಇದೆಯಾ ಅಂತ ನೋಡಬೇಕಾದದ್ದು.

ಪಾಡ್ದನದ ವಿಷಯದಲ್ಲಿ ನನಗೆ ಇನ್ನೂ ಸಮಾಧಾನ ಇಲ್ಲ. ‘ಕಾಂತಾರ’ದ ‘ಸಿಂಗಾರ ಸಿರಿಯೆ’ಯ ಪದ ಪ್ರಮೋದ್ ಮರವಂತೆ ಅವರದು, ಹಾಡಿದವರಲ್ಲಿ ವಿಜಯ ಪ್ರಕಾಶ್, ಅನನ್ಯಾ ಭಟ್ ಜೊತೆಗೆ ನಾಗರಾಜ್ ಪಾಣಾರ ವಳ್ತೂರು ಅವರ ಹೆಸರೂ ಉಂಟು. ಹೆಸರು ಹಾಕಿದ್ದು ದೊಡ್ಡ ಮಾತು. ಆದರೆ ಕೋಲ ಕಟ್ಟುವ ಪಾಣಾರ, ಪಂಬದ, ನಲಿಕೆಯವರ ಮನೆತನಗಳು ತಲೆಮಾರುಗಟ್ಟಲೆ ಕಾಪಾಡಿಕೊಂಡು ಬಂದ ಪದಗಳಿಗೆ ಒಬ್ಬ ಕರ್ತೃ ಇಲ್ಲ. ಕರ್ತೃ ಇಲ್ಲದಲ್ಲಿ ನಮ್ಮ ಕಾಯ್ದೆಗೆ ಹಿಡಿಯಲು ಏನೂ ಇಲ್ಲ. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ತೆಗೆದುಕೊಂಡು ರೆಕಾರ್ಡ್ ಮಾಡಿದವನಿಗೆ ಆ ರೆಕಾರ್ಡಿನ ಹಕ್ಕು ಪಕ್ಕಾ. ಮಾದಪ್ಪನ ಜನಪದ ‘ಸೋಜುಗಾದ ಸೂಜುಮಲ್ಲಿಗೆ’ಯೂ ಹಾಗೆಯೇ ನಮ್ಮ ಕಡೆ ಬಂತು. ಮಂಗಳಾದೇವಿಯ ಗಲ್ಲಿಗಳ ಕತೆ ಹೇಳುವ ‘ಗರುಡ ಗಮನ ವೃಷಭ ವಾಹನ’ದಲ್ಲಿ (2021) ಚೈತ್ರಾ ಜೆ. ಆಚಾರ್ ಅದನ್ನು ಹಾಡಿದ ಮೇಲೆ ಮಂಗಳೂರಿನ ಆಟೊಗಳಲ್ಲೆಲ್ಲ ಮಾದಪ್ಪನೇ. ಹಾಡು ಎಲ್ಲರದು. ಆ ಫೈಲು ಮಾತ್ರ ಎಲ್ಲರದಲ್ಲ.

ಕೆಲವೊಮ್ಮೆ ಇದರ ತಿರುವೂ ಆಗುತ್ತದೆ: ಜನಪದ ಅಂದುಕೊಂಡದ್ದಕ್ಕೆ ಕವಿ ಇರುತ್ತಾನೆ. ಮಂಗಳೂರಿನ ಕ್ರೈಸ್ತರಲ್ಲಿ ಮದುವೆಗೆ ಮುಂಚೆ ನಡೆಯುವ ರೋಸ್ ಶಾಸ್ತ್ರದ ದಿನ ಬ್ರಾಸ್ ಬ್ಯಾಂಡಿನವರು ಬಾರಿಸದೆ ಬಿಡದ ‘ಹಾಂವ್ ಸಾಯ್ಬಾ ಪೊಲ್ತಡಿ ವೆತಾಂ’ ಅಂಥದ್ದು. ದಾಮುವಿನ ಮದುವೆಗೆ ಹೊಳೆ ದಾಟಿ ಹೋಗಬೇಕಾದ ಕಲಾವಂತೆಯರು ದೋಣಿಯವನಿಗೆ ಮೈಮೇಲಿನ ಒಡವೆ ಒಂದೊಂದೇ ಕೊಡುತ್ತೇವೆನ್ನುತ್ತಾರೆ, ಅವನು ಬೇಡವೆನ್ನುತ್ತಾನೆ. ದೆಖ್ಣಿ ಎಂಬ ಬಗೆಯ ಈ ಗೋವೆಯ ಕೊಂಕಣಿ ಹಾಡು ಕಾರ್ಲೋಸ್ ಎವುಜೆನಿಯೊ ಫೆರೆಯ್ರಾ ಎಂಬವರದು. 1973ರ ‘ಬಾಬಿ’ ಚಿತ್ರದ ‘ನಾ ಮಾಂಗೂ ಸೋನಾ ಚಾಂದಿ’ಯಲ್ಲಿ ಅದು ಕೇಳಿಸುತ್ತದೆ. ಇಡೀ ದೇಶ ಕುಣಿಯಿತು, ದೆಖ್ಣಿ ಬರೆದವನ ಹೆಸರು ಕೇಳಿದವರು ಎಷ್ಟು ಜನ?

ನಮ್ಮ ಊರಿನ ಹೆಸರೇ ಒಳಗಿರುವ ಹಾಡಿನ ಕತೆಗೆ ಬರುತ್ತೇನೆ. ‘ಕೃಷ್ಣಾ ನೀ ಬೇಗನೆ ಬಾರೋ’. ರಚಿಸಿದವರು ವ್ಯಾಸರಾಯರು, ಪುರಂದರದಾಸರ, ಕನಕದಾಸರ ಗುರು, 1539ರಲ್ಲಿ ತೀರಿಕೊಂಡವರು. ಕಾಲಂದುಗೆ, ಬೆರಳುಂಗುರ, ಬಾಯಲ್ಲಿ ಮೂಜಗ ಎಲ್ಲ ತೋರಿಸಿ ಕೊನೆಗೆ ಹಾಡು ಉಡುಪಿಯ ಕೃಷ್ಣನ ಹೆಸರಿಗೆ ಬಂದು ನಿಲ್ಲುತ್ತದೆ. ಭರತನಾಟ್ಯದ ಬಾಲಸರಸ್ವತಿ ಇದಕ್ಕೆ ಅಭಿನಯ ಮಾಡಿ ಪ್ರಪಂಚಕ್ಕೆ ತೋರಿಸಿದರು. 1976ರಲ್ಲಿ ಸತ್ಯಜಿತ್ ರಾಯ್ ಈ ನರ್ತಕಿಯ ಮೇಲೆ ‘ಬಾಲಾ’ ಎಂಬ ಸಾಕ್ಷ್ಯಚಿತ್ರ ಮಾಡಿದಾಗ ಈ ಹಾಡಿನ ಅಭಿನಯವನ್ನು ಕಡಲ ಕಿನಾರೆಯಲ್ಲಿ ಚಿತ್ರಿಸಿದರು. ಹಿಂದೆ ಅಲೆ, ಸೆರಗನ್ನು ಎಳೆಯುವ ಗಾಳಿ, ಮುಂದೆ ವಯಸ್ಸಾದ ಆ ತಾಯಿ ಕಾಣದ ಮಗುವನ್ನು ಕೈ ಬೀಸಿ ಕರೆಯುತ್ತಿದ್ದಾರೆ. ಮ್ಯೂಸಿಕ್ ವಿಡಿಯೊ ಎಂಬ ಮಾತು ನಮ್ಮಲ್ಲಿ ಬಳಕೆಗೆ ಬರುವ ಮೊದಲೇ ಬಂದ ಅತ್ಯುತ್ತಮ ಮ್ಯೂಸಿಕ್ ವಿಡಿಯೊ ಅದು ಎಂದು ನನ್ನ ಹಟ. ಆಮೇಲೆ 1996ರಲ್ಲಿ ಹರಿಹರನ್ ಮತ್ತು ಲೆಸ್ಲಿ ಲೂಯಿಸ್ ‘ಕಲೋನಿಯಲ್ ಕಸಿನ್ಸ್’ ಹೆಸರಲ್ಲಿ ಅದೇ ಹಾಡನ್ನು ಗಿಟಾರಿನ ಜೊತೆ, ನಡುವೆ ಇಂಗ್ಲಿಷ್ ಸಾಲು ಸೇರಿಸಿ ಹಾಡಿದರು. ರಥಬೀದಿ ನೋಡದ ಹುಡುಗರ ಬಾಯಲ್ಲೂ ಉಡುಪಿ ಬಂತು.

ಈ ಹಾಡಿನ ಪಟ್ಟೆ ಈಗ ಬಿಡಿಸಿ. ಪದಕ್ಕೆ ಹಕ್ಕು ಯಾರದೂ ಇಲ್ಲ. ನಮ್ಮ ಕಾಯ್ದೆಯ ಪ್ರಕಾರ ಸಾಹಿತ್ಯಕ್ಕೂ ಸಂಗೀತಕ್ಕೂ ಹಕ್ಕು ಇರುವುದು ಕರ್ತೃ ತೀರಿಕೊಂಡ ಮೇಲೆ 60 ವರ್ಷ. ಧ್ವನಿಮುದ್ರಿಕೆಗೆ, ಚಲನಚಿತ್ರಕ್ಕೆ ಪ್ರಕಟವಾದಲ್ಲಿಂದ 60 ವರ್ಷ. ಮೊದಲು 50 ಇತ್ತು. 1941ರಲ್ಲಿ ತೀರಿಕೊಂಡ ಟಾಗೋರರ ಕೃತಿಗಳ ಹಕ್ಕು ಮುಗಿಯುತ್ತಾ ಬಂದಾಗ ಅದನ್ನು ಹತ್ತು ವರ್ಷ ಹಿಗ್ಗಿಸಿದರು. ವ್ಯಾಸರಾಯರ ಲೆಕ್ಕಕ್ಕೆ ಬಂದರೆ ಎಷ್ಟು ಹಿಗ್ಗಿಸಿದರೂ ಮುಟ್ಟದು. ಆದರೆ ಕಲೋನಿಯಲ್ ಕಸಿನ್ಸ್ ಹಾಡಿದ ರೆಕಾರ್ಡಿಗೆ ಒಡೆಯರಿದ್ದಾರೆ, ರಾಯ್ ತೆಗೆದ ದೃಶ್ಯಕ್ಕೆ ಒಡೆಯರಿದ್ದಾರೆ.

ಇದನ್ನು ನಮ್ಮ ಭಜನಾ ಮಂಡಳಿ ಕಲಿತದ್ದು ಪೆಟ್ಟು ತಿಂದು. ನನ್ನ ಅಕ್ಕನ ಮಗ ಏಕಾದಶಿಯ ದಿನ ಇದೇ ಹಾಡನ್ನು ಹಾಡಿದ. ಸ್ವರ ಒಳ್ಳೆಯದುಂಟು ಹುಡುಗನದು. ನಾನು ರೆಕಾರ್ಡ್ ಮಾಡಿ ಮಂಡಳಿಯ ಚಾನೆಲ್ಲಿಗೆ ಹಾಕಿದೆ. ಹತ್ತು ನಿಮಿಷದಲ್ಲಿ ಕಾಪಿರೈಟ್ ಕ್ಲೇಮ್. ಹುಡುಗ ಫೋನ್ ಹಿಡಿದುಕೊಂಡು ಓಡಿ ಬಂದ.

“ಮಾವ, ವ್ಯಾಸರಾಯರ ಕಡೆಯವರು ಕ್ಲೇಮ್ ಮಾಡಿದ್ದಾರೆ!”

ವ್ಯಾಸರಾಯರ ಕಡೆಯವರಲ್ಲ. ಅವನು ಹಾಡಿದ್ದು ಎಲ್ಲಿಂದಲೋ ಇಳಿಸಿಕೊಂಡ ಕರೋಕೆ ಟ್ರ್ಯಾಕಿನ ಮೇಲೆ. ಪದ ಹಳೆಯದು, ರಾಗ ಯಮನ್ ಕಲ್ಯಾಣಿ, ಕಂಠ ಅವನದೇ. ಆದರೆ ಹಿಂದಿನ ಕೀಬೋರ್ಡು, ತಬಲಾ ಒಂದು ಕಂಪನಿಯ ಧ್ವನಿಮುದ್ರಿಕೆ. ಯಂತ್ರ ಹಿಡಿದದ್ದು ಅದನ್ನು. ಯೂಟ್ಯೂಬಿನಲ್ಲಿ ಕಂಟೆಂಟ್ ಐಡಿ ಎಂಬ ವ್ಯವಸ್ಥೆ ಉಂಟು. ಹಕ್ಕುದಾರರು ತಮ್ಮ ರೆಕಾರ್ಡುಗಳನ್ನು ಅದಕ್ಕೆ ಕೊಟ್ಟಿರುತ್ತಾರೆ. ಯಂತ್ರ ಪ್ರತಿಯೊಂದರ ಬೆರಳಚ್ಚು ತೆಗೆದಿಟ್ಟುಕೊಳ್ಳುತ್ತದೆ, ಅಂದರೆ ಯಾವ ಗಳಿಗೆಯಲ್ಲಿ ಯಾವ ಶ್ರುತಿಯ ಶಬ್ದ ಜೋರಾಗಿದೆ ಎಂಬುದರ ಒಂದು ನಕ್ಷೆ. ನಾವು ಹಾಕುವ ಪ್ರತಿ ವಿಡಿಯೊದ ನಕ್ಷೆಯನ್ನು ಆ ರಾಶಿಯೊಂದಿಗೆ ತಾಳೆ ನೋಡುತ್ತದೆ. ಹೊಂದಿದರೆ, ವಿಡಿಯೊ ತಡೆಯಬೇಕಾ, ಜಾಹೀರಾತಿನ ದುಡ್ಡು ತನಗೆ ಬರಬೇಕಾ, ಸುಮ್ಮನೆ ಎಷ್ಟು ಜನ ನೋಡಿದರೆಂದು ಲೆಕ್ಕ ಇಟ್ಟರೆ ಸಾಕಾ ಎಂದು ಹಕ್ಕುದಾರ ಮೊದಲೇ ಹೇಳಿಟ್ಟಿರುತ್ತಾನೆ. ಇದರಲ್ಲಿ ಕೋರ್ಟಿಲ್ಲ, ವಾದವಿಲ್ಲ. ನಮ್ಮದು ಎರಡನೆಯ ಬಗೆಯದು. ಮಂಡಳಿಗೆ ಬರಬೇಕಾದ ಐದೋ ಹತ್ತೋ ರೂಪಾಯಿ ಅವರಿಗೆ ಹೋಯಿತು. ಮುಂದಿನ ಏಕಾದಶಿಗೆ ಹಾರ್ಮೋನಿಯಂ, ಗುಮ್ಟೆ, ತಾಳ ಇಟ್ಟುಕೊಂಡು ಮತ್ತೆ ರೆಕಾರ್ಡ್ ಮಾಡಿದೆವು. ಏನೂ ಬರಲಿಲ್ಲ.

ದೃಶ್ಯದ ಕತೆ ಇನ್ನೂ ಹೇಳಿಲ್ಲ. ಹಾಡಿನ ವಿಡಿಯೊ ನೋಡುವವರಿಗೆ ಹಾಡೂ ದೃಶ್ಯವೂ ಒಟ್ಟಿಗೇ ಹುಟ್ಟಿದ ಹಾಗೆ ಕಾಣಬೇಕು. ಹುಟ್ಟುವುದು ಹಾಗಲ್ಲ. ಹಾಡು ತಿಂಗಳುಗಟ್ಟಲೆ ಮೊದಲೇ ಸ್ಟುಡಿಯೊದಲ್ಲಿ ಮುಗಿದಿರುತ್ತದೆ. ಶೂಟಿಂಗಿನಲ್ಲಿ ದೊಡ್ಡ ಸ್ಪೀಕರಿನಲ್ಲಿ ಅದನ್ನು ಹಾಕಿ, ನಟರು ಬಾಯಿ ಆಡಿಸುತ್ತಾರೆ. ಇಲ್ಲಿಯವರೆಗೆ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ನಿಧಾನಗತಿಯ ಮರ್ಮ. ಕೂದಲು ಗಾಳಿಯಲ್ಲಿ ತೇಲುತ್ತದೆ, ಅಲೆ ಮೆಲ್ಲಗೆ ಏಳುತ್ತದೆ, ಆದರೂ ನಾಯಕಿಯ ತುಟಿ ಮಾತ್ರ ಹಾಡಿಗೆ ಸರಿಯಾಗಿ ಆಡುತ್ತದೆ. ಇದು ಹೇಗೆ? ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮು. ಕ್ಯಾಮೆರಾವನ್ನು 48 ಫ್ರೇಮಿಗೆ ಇಟ್ಟು ತೆಗೆದು, 24ರಲ್ಲಿ ಓಡಿಸಿದರೆ ಎಲ್ಲ ಚಲನೆ ಅರ್ಧ ವೇಗಕ್ಕೆ ಇಳಿಯುತ್ತದೆ. ತುಟಿಯೂ ಅರ್ಧ ವೇಗಕ್ಕೆ ಇಳಿಯುವುದರಿಂದ ಶೂಟಿಂಗಿನಲ್ಲಿ ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕಿ, ನಟರು ಆ ವೇಗಕ್ಕೆ ಬಾಯಿ ಆಡಿಸಬೇಕು. ಆಗ ನಿಧಾನವಾದ ಮೇಲೆ ಸರಿ ಕೂರುತ್ತದೆ.

ಒಮ್ಮೆ ಗೆಳೆಯನೊಬ್ಬನ ತುಳು ಆಲ್ಬಮ್ಮಿಗೆ ಪಡುಕೆರೆಯ ಕಡಲ ಬದಿಯಲ್ಲಿ ಹೀಗೆ ಮಾಡಿದೆವು. ಪ್ರೇಮಗೀತೆ. ಎರಡು ಪಟ್ಟು ವೇಗದಲ್ಲಿ ಹಾಕಿದಾಗ ಅದು ಅಳಿಲಿನ ಕಿಚಿಕಿಚಿಯ ಹಾಗೆ ಕೇಳುತ್ತದೆ. ಬಲೆ ಒಣಗಿಸುತ್ತಿದ್ದವರು ಕೆಲಸ ಬಿಟ್ಟು ಬಂದು ಸುತ್ತ ನಿಂತರು. ನಾಯಕ ವಿರಹದಲ್ಲಿ ಕಣ್ಣು ತುಂಬಿಕೊಳ್ಳಬೇಕು, ಸ್ಪೀಕರಿನಲ್ಲಿ ಅಳಿಲು, ಎದುರಿಗೆ ಹತ್ತಿಪ್ಪತ್ತು ಜನ ನಗುತ್ತಿದ್ದಾರೆ. ಹದಿಮೂರನೆಯ ಟೇಕಿಗೆ ಅವನ ಕಣ್ಣಲ್ಲಿ ನೀರು ಬಂತು, ನಿಜವಾದ್ದೇ. ಅದನ್ನೇ ಇಟ್ಟುಕೊಂಡೆವು. ಮನೆಗೆ ಬಂದು ನೋಡಿದರೆ ಗೆಳೆಯ ಗಡಿಬಿಡಿಯಲ್ಲಿ ಹಾಕಿದ್ದು ಫೈನಲ್ ಮಿಕ್ಸ್ ಅಲ್ಲ, ಹಳೆಯ ಗೈಡ್ ಟ್ರ್ಯಾಕ್. ಎರಡನೆಯ ಚರಣದಲ್ಲಿ ಒಂದು ಆವರ್ತ ಹೆಚ್ಚು. ತುಟಿ ಒಂದು ಕಡೆ, ಹಾಡು ಒಂದು ಕಡೆ. ಆ ಚರಣದ ಉದ್ದಕ್ಕೂ ನಾಯಕನ ಬೆನ್ನು ಮಾತ್ರ ಕಾಣುವುದು ಯಾಕೆ, ಏನಾದರೂ ಸಂಕೇತವಾ ಎಂದು ನೋಡಿದವರೊಬ್ಬರು ಕೇಳಿದ್ದರು. ಸಂಕೇತವೇ ಅಂದೆ.

ದೃಶ್ಯ ಇಷ್ಟು ದುಬಾರಿ ಮತ್ತು ತಡವಾದ್ದರಿಂದಲೇ ಲಿರಿಕಲ್ ವಿಡಿಯೊ ಎಂಬುದು ಬಂದದ್ದು. ಚಿತ್ರ ಬಿಡುಗಡೆಗೆ ಮೊದಲು ಹಾಡು ಜನರ ಬಾಯಿಗೆ ಬೀಳಬೇಕು. ದೃಶ್ಯವನ್ನು ಮಾತ್ರ ಥಿಯೇಟರಿಗೆ ಕಾದಿಡಬೇಕು. ಹಾಗಾಗಿ ಪದಗಳನ್ನು ಬಣ್ಣಬಣ್ಣವಾಗಿ ಓಡಿಸಿ, ನಾಲ್ಕು ಸ್ಟಿಲ್ ಫೋಟೊ ಸೇರಿಸಿ ಬಿಡುತ್ತಾರೆ. ಪೂರ್ತಿ ವಿಡಿಯೊ ಬರುವುದು ಚಿತ್ರ ಓಡಿದ ಮೇಲೆ. 2011ರ ನವೆಂಬರಿನಲ್ಲಿ ‘ಕೊಲವೆರಿ’ ಬಂದಾಗ ಜನ ನೋಡಿದ್ದು ಸ್ಟುಡಿಯೊದಲ್ಲಿ ಧನುಷ್ ಹೆಡ್‌ಫೋನ್ ಹಾಕಿಕೊಂಡು ಹಾಡುವುದನ್ನು. ಸಿನಿಮಾ ಬರುವುದು ಇನ್ನೂ ತಿಂಗಳುಗಳ ಮೇಲಿತ್ತು. ಅದಾದ ಮೇಲೆ ರೆಕಾರ್ಡಿಂಗ್ ರೂಮಿನಲ್ಲಿ ತೆಗೆದ ವಿಡಿಯೊ ಎಂಬುದೇ ಒಂದು ಶೈಲಿಯಾಯಿತು. ನನ್ನ ಹತ್ತಿರ ಬರುವ ಹೊಸ ಹಾಡುಗಾರರು ಮೊದಲು ಕೇಳುವುದು ಮೈಕಿನ ಗುಣಮಟ್ಟವನ್ನಲ್ಲ, ಹಿಂದಿನ ಗೋಡೆಯ ಬಣ್ಣವನ್ನು.

ಮದುವೆಗೆ ಬರೋಣ, ನನ್ನ ಅನ್ನದ ವಿಷಯ. ಮೆಹಂದಿಯಲ್ಲಿ, ದಿಬ್ಬಣದಲ್ಲಿ ಸಿನಿಮಾ ಹಾಡು ಹಾಕಿದರೆ ಲೈಸೆನ್ಸ್ ಬೇಕಾ ಎಂದು ಹಾಲ್‌ನವರು, ಡಿಜೆಯವರು ಕೇಳುತ್ತಿರುತ್ತಾರೆ. ಬೇಡ. ಧಾರ್ಮಿಕ ಸಮಾರಂಭಗಳಲ್ಲಿ ಹಾಡು ಹಾಕುವುದು ಉಲ್ಲಂಘನೆಯಲ್ಲ ಎಂದು ಕಾಯ್ದೆಯ 52ನೆಯ ಕಲಮಿನಲ್ಲಿದೆ. ಮದುವೆಯ ಮೆರವಣಿಗೆ ಮತ್ತು ಮದುವೆಗೆ ಸಂಬಂಧಪಟ್ಟ ಇತರ ಸಂಭ್ರಮಗಳೂ ಅದರಲ್ಲಿ ಸೇರಿವೆ. 2023ರ ಜುಲೈಯಲ್ಲಿ ಕೇಂದ್ರ ಸರ್ಕಾರ ಇದನ್ನೇ ಮತ್ತೊಮ್ಮೆ ಸ್ಪಷ್ಟಪಡಿಸಿ ಸೂಚನೆ ಹೊರಡಿಸಿತು. ಆದರೆ ಆ ರಿಯಾಯಿತಿ ಹಾಲ್‌ನ ಬಾಗಿಲ ತನಕ. ಅದೇ ಸಂಭ್ರಮವನ್ನು ವಿಡಿಯೊ ಮಾಡಿ ಇಂಟರ್ನೆಟ್ಟಿಗೆ ಹಾಕಿದರೆ ಅದು ಬೇರೆ ಬಳಕೆ.

ಕಾರ್ಕಳದ ಕಡೆಯ ಒಂದು ಮದುವೆ. ಮದುಮಗಳು ಮಂಟಪಕ್ಕೆ ಬರುವ ಹೊತ್ತಿಗೆ ‘ವರಾಹ ರೂಪಂ’ ಹಾಕಿಸಿದ್ದರು, ಆ ವರ್ಷ ಎಲ್ಲರೂ ಹಾಕಿಸುತ್ತಿದ್ದರು. ಹೈಲೈಟ್ಸ್ ವಿಡಿಯೊ ಚಂದ ಬಂದಿತ್ತು. ದುಬೈಯಲ್ಲಿದ್ದ ಅಣ್ಣ ನೋಡಬೇಕೆಂದು ಆನ್‌ಲೈನ್ ಹಾಕಿದೆ. ಮದುಮಗಳು ನಡೆದು ಬರುವ ಮೂರು ನಿಮಿಷ ಪೂರ್ತಿ ಮೌನ. ಶಬ್ದ ತೆಗೆದಿದ್ದರು. ಆ ಅಣ್ಣ ಫೋನ್ ಮಾಡಿ, “ಎಂತ ಭಟ್ರೇ, ಮದುವೆಯಾ ಬೊಜ್ಜವಾ?” ಅಂದರು. ಬೊಜ್ಜ ಅಂದರೆ ನಮ್ಮಲ್ಲಿ ಸತ್ತವರ ಉತ್ತರಕ್ರಿಯೆ.

ಈಗ ನಾನು ಪ್ರತಿ ಮದುವೆಗೂ ಎರಡು ವಿಡಿಯೊ ಕಟ್ಟುತ್ತೇನೆ. ಮನೆಯವರು ಮನೆಯಲ್ಲಿ ಕೂತು ನೋಡಲು ಪೆನ್‌ಡ್ರೈವಿನಲ್ಲಿ ಕೊಡುವುದಕ್ಕೆ ಹಾಲ್‌ನಲ್ಲಿ ಕೇಳಿದ ಹಾಡೇ ಇರುತ್ತದೆ. ಆನ್‌ಲೈನಿಗೆ ಹಾಕುವುದರಲ್ಲಿ ವಾಲಗದವರ ನಾಗಸ್ವರ, ಡೋಲು. ಅದನ್ನು ಅದೇ ದಿನ ಅದೇ ಹಾಲ್‌ನಲ್ಲಿ ಅವರನ್ನು ಕೇಳಿಯೇ ನಾನೇ ರೆಕಾರ್ಡ್ ಮಾಡಿಕೊಂಡಿರುತ್ತೇನೆ. ಹುಲಿವೇಷ ಕರೆಸಿದ ಮದುವೆಯಾದರೆ ತಾಸೆಯ ಪೆಟ್ಟು. ವಾಲಗದವರಿಗೆ ನೂರಿನ್ನೂರು ಹೆಚ್ಚು ಕೊಟ್ಟು, ವಿಡಿಯೊದ ಕೊನೆಯಲ್ಲಿ ಅವರ ಹೆಸರನ್ನೂ ಹಾಕುತ್ತೇನೆ. ಮೊದಲ ಸಲ ಹೆಸರು ಕೇಳಿದಾಗ ಡೋಲಿನವರು ಹೆದರಿ, “ಎಂತಕ್ಕೆ ಹೆಸರು, ಕೇಸು ಉಂಟಾ?” ಅಂತ ಕೇಳಿದ್ದರು.